60 ಎಚ್.ಪಿ. ತೆಗೆದು 90 ಹಾಕಿದರೂ ಬೋಟ್ ಓಡ್ತಿಲ್ಲ, ತಳದ ಬಗ್ಗೆ ಗೊತ್ತಿರುವವರು ಹೇಳಿ

ಹೇಮಾವತಿ ತೀರ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಮೂವರು ಗೆಳೆಯರು ಸೇರಿ ನಾಲ್ಕು ವರ್ಷದ ಹಿಂದೆ ಕರಾವಳಿಯಿಂದ ಒಂದು ಹಳೆಯ ಫೈಬರ್ ಬೋಟ್ ತಂದೆವು. 16 ಅಡಿ ಉದ್ದ, ತಳ ವಿ ಆಕಾರ. ಅದಕ್ಕಿದ್ದ 60 ಎಚ್.ಪಿ. ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ತೂಗುಹಾಕುವ) ಎಂಜಿನ್‌ನಲ್ಲಿ ಗಂಟೆಗೆ 42 ಕಿ.ಮೀ. ಓಡುತ್ತಿತ್ತು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಮೊಬೈಲ್ ಜಿಪಿಎಸ್‌ನಲ್ಲಿ ನೋಡಿ ಬರೆದಿಟ್ಟ ಲೆಕ್ಕ ಇದು. ಆಮೇಲೆ ಕೆಲಸದ ಒತ್ತಡದಲ್ಲಿ ಎರಡು ವರ್ಷ ಬೋಟ್ ನೀರಿಗೆ ಇಳಿಯಲೇ ಇಲ್ಲ. ಸಕಲೇಶಪುರದ ಹತ್ತಿರ ಗೆಳೆಯನ ತೋಟದ ಶೆಡ್ಡಿನಲ್ಲಿ ಟ್ರೈಲರ್ ಮೇಲೆ ನಿಂತಿತ್ತು.

ಈ ವರ್ಷ ಹಳೇ ಎಂಜಿನ್ ಮಾರಿ, ಸೆಕೆಂಡ್ ಹ್ಯಾಂಡ್ 90 ಎಚ್.ಪಿ. ಫೋರ್ ಸ್ಟ್ರೋಕ್ ಹಾಕಿಸಿದೆವು. ಅನುಮತಿ ತಗೊಂಡು ಗೊರೂರು ಹಿನ್ನೀರಿಗೆ ಇಳಿಸಿದೆವು. ದೂರದಲ್ಲಿ ಶೆಟ್ಟಿಹಳ್ಳಿ ಚರ್ಚಿನ ಗೋಡೆ ಕಾಣುತ್ತಿತ್ತು. ಗಾಳಿ ಇಲ್ಲ, ನೀರು ಕನ್ನಡಿ ಹಾಗಿತ್ತು. ಪೂರ್ತಿ ಥ್ರಾಟಲ್ ಕೊಟ್ಟರೆ 44. ಮೂವತ್ತು ಎಚ್.ಪಿ. ಜಾಸ್ತಿ ಹಾಕಿ ಸಿಕ್ಕಿದ್ದು ಎರಡೇ ಕಿಲೋಮೀಟರ್. ಬೋಟಿನಲ್ಲಿದ್ದ ನಾವಿಬ್ಬರೂ ಮಾತಾಡದೆ ದಡಕ್ಕೆ ಬಂದೆವು.

ಎಂಜಿನ್ 5300 ಆರ್‌ಪಿಎಂ ತೋರಿಸುತ್ತದೆ. ಇದಕ್ಕೆ 5000ದಿಂದ 6000ದ ಒಳಗೆ ಇರಬೇಕು, ಅಂದರೆ ಸರಿಯಾಗೇ ಇದೆ. ಪ್ರೊಪೆಲ್ಲರ್ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಹೋಗುವ ಲೆಕ್ಕ, 15 ಇಂಚು. ಏಟು ಬಿದ್ದಿಲ್ಲ, ಬ್ಲೇಡ್ ನೆಟ್ಟಗಿದೆ. ಏನೋ ತಳದಲ್ಲೇ ಇದೆ ಅಂತ ನನಗೆ ಅನ್ನಿಸುತ್ತಿದೆ. ತಳದ ಆಕಾರ ವೇಗವನ್ನು ಇಷ್ಟು ತಿನ್ನುತ್ತದಾ?

ಯಗಚಿ ಅಲೆ, ಬೇಲೂರು

ಅಣ್ಣಾ, 115 ಎಚ್.ಪಿ. ಸಿಕ್ಕರೆ ನೋಡಿ. ಇಲ್ಲಾಂದ್ರೆ 19 ಪಿಚ್ ಪ್ರೊಪೆಲ್ಲರ್. ಒಂದು ಸುತ್ತಿಗೆ ಜಾಸ್ತಿ ಮುಂದೆ ಹೋಗುತ್ತಲ್ವಾ?

ಹಳೇ ಮೆಕ್ಯಾನಿಕ್, ಚಿಕ್ಕಮಗಳೂರು

ತಮ್ಮಾ, ಅದು ಬೇಡ. 5300ರಲ್ಲಿ ಇರುವ ಎಂಜಿನ್‌ಗೆ ನಾಲ್ಕು ಇಂಚು ಪಿಚ್ ಏರಿಸಿದರೆ ಅದು ಏದುಸಿರು ಬಿಡುತ್ತದೆ. ಒಂದು ಇಂಚಿಗೆ ಹೆಚ್ಚು ಕಡಿಮೆ 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ಲಾರಿಯನ್ನು ಟಾಪ್ ಗೇರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿದ ಹಾಗೆ.

ಹಾಸನದವರಿಗೆ ಒಂದು ಮಾತು. ಬೋಟಿನ ಒಳಗೆ ಗರಿಷ್ಠ ಎಷ್ಟು ಎಚ್.ಪಿ. ಅಂತ ಬರೆದ ತಗಡಿನ ಪಟ್ಟಿ ಇರುತ್ತದೆ. ಅದನ್ನು ಓದಿ. 90 ಅದರ ಒಳಗೆ ಇದ್ದರೆ ಮಾತ್ರ ಮುಂದಿನ ಮಾತು. ಎಂಜಿನ್ ತೂಕವೂ ಹಿಂದಿನದಕ್ಕಿಂತ ಐವತ್ತು ಕೆ.ಜಿ. ಜಾಸ್ತಿ ಇರಬಹುದು, ಅದೆಲ್ಲ ಟ್ರಾನ್ಸಮ್ ಮೇಲೆ, ಅಂದರೆ ಬೋಟಿನ ಹಿಂಗೋಡೆ ಮೇಲೆ ನೇತಾಡುತ್ತದೆ.

ಕಾಫಿ ಬೆಟ್ಟ, ಮೂಡಿಗೆರೆ

ಸಾರ್, ನಿಮ್ಮ ಅಂಕಿ ನೋಡಿ ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಕ್ರೌಚ್ ಸೂತ್ರ ಅಂತಾರೆ. ಬೋಟಿನ ಒಟ್ಟು ತೂಕವನ್ನು ಪೌಂಡಿನಲ್ಲಿ ಹಿಡಿದು ಎಚ್.ಪಿ.ಯಿಂದ ಭಾಗಿಸಿ, ಅದರ ವರ್ಗಮೂಲ ತೆಗೆಯಿರಿ. ತಳದ ಒಂದು ಗುಣಾಂಕವನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಅಂತ ಸಿಗುತ್ತದೆ. ಸಾಧಾರಣ ಬೋಟಿಗೆ ಗುಣಾಂಕ 150. ಹಗುರ, ಚುರುಕು ತಳಕ್ಕೆ 180ರ ಆಸುಪಾಸು. ರೇಸ್ ಬೋಟಿಗೆ 200 ದಾಟುತ್ತದೆ.

ಇಬ್ಬರು ಮನುಷ್ಯರು, ಪೆಟ್ರೋಲ್ ಸೇರಿ ನಿಮ್ಮ ಬೋಟ್ 900 ಕೆ.ಜಿ. ಅಂದುಕೊಳ್ಳಿ. 60 ಎಚ್.ಪಿ., ಗುಣಾಂಕ 150. ಉತ್ತರ 26 ಮೈಲಿ, ಅಂದರೆ 42 ಕಿ.ಮೀ. ನೀವು ಅಳೆದದ್ದೂ ಅಷ್ಟೇ. ಈಗ ಎಂಜಿನ್ ತೂಕ ಸೇರಿಸಿ 950 ಕೆ.ಜಿ., 90 ಎಚ್.ಪಿ. ಇಟ್ಟರೆ 50 ಬರಬೇಕು. ನಿಮಗೆ ಬಂದದ್ದು 44. ಆರು ಕಿಲೋಮೀಟರ್ ಎಲ್ಲೋ ಸೋರಿಹೋಗುತ್ತಿದೆ.

ಇನ್ನೊಂದು ವಿಷಯ ನೋಡಿ, ನನಗೆ ಇದು ತುಂಬಾ ಇಷ್ಟದ್ದು. ಅದೇ 900 ಕೆ.ಜಿ., ಅದೇ ಹಳೇ 60 ಎಚ್.ಪಿ. ಎಂಜಿನ್ ಇಟ್ಟುಕೊಂಡು ತಳದ ಗುಣಾಂಕವನ್ನು ಮಾತ್ರ 150ರಿಂದ 180ಕ್ಕೆ ಏರಿಸಿ. ಬರುವುದು 50 ಕಿ.ಮೀ. ಅಂದರೆ ಮೂವತ್ತು ಎಚ್.ಪಿ. ಕೊಡುವ ಕೆಲಸವನ್ನು ಒಳ್ಳೆಯ ತಳ ಒಂದು ತೊಟ್ಟು ಹೆಚ್ಚಿನ ಪೆಟ್ರೋಲ್ ಇಲ್ಲದೆ ಕೊಡುತ್ತದೆ. ನಾವೆಲ್ಲ ಎಂಜಿನ್ ಕವರಿನ ಮೇಲಿನ ಅಂಕಿ ನೋಡುತ್ತೇವೆ. ಬಗ್ಗಿ ಕೆಳಗೆ ನೋಡುವವರು ಕಡಿಮೆ.

ಫೈಬರ್ ಕೆಲಸ, ಅರಸೀಕೆರೆ

ನಾನು ಹನ್ನೊಂದು ವರ್ಷ ಕರಾವಳಿಯ ಬೋಟ್ ಯಾರ್ಡ್‌ಗಳಲ್ಲಿ ಫೈಬರ್ ಕೆಲಸ ಮಾಡಿ ಊರಿಗೆ ಬಂದವನು. ಹಾಸನದ ಅಣ್ಣನಿಗೆ ಮೂರು ಪ್ರಶ್ನೆ.

ಪೂರ್ತಿ ವೇಗದಲ್ಲಿ ಹೋಗುವಾಗ ಪಕ್ಕಕ್ಕೆ ಬಗ್ಗಿ ನೋಡಿ. ತಳದಿಂದ ನೀರು ಪಕ್ಕಕ್ಕೆ ಹಾರುವುದು ಯಾವ ಜಾಗದಿಂದ? ಸ್ಟೇರಿಂಗ್‌ಗಿಂತ ಮುಂದೋ, ಹಿಂದೋ? ಎಂಜಿನ್ನಿನ ಓರೆ ಬದಲಿಸುವ ಟ್ರಿಮ್ ಬಟನ್ ಒತ್ತಿ ಎಂಜಿನ್ ಹೊರಗೆ ಎತ್ತಿದಾಗ ಮೂತಿ ಏಳುತ್ತಾ? ಎರಡು ವರ್ಷ ಟ್ರೈಲರ್ ಮೇಲಿತ್ತು ಅಂದಿರಲ್ಲ, ಬೋಟಿನ ಹಿಂತುದಿಯ ಕೆಳಗೆ ಆಧಾರ ಇತ್ತಾ, ಇಲ್ಲ ಗಾಳಿಯಲ್ಲಿ ನೇತಾಡುತ್ತಿತ್ತಾ?

ಹೇಮಾವತಿ ತೀರ, ಹಾಸನ

ನಿನ್ನೆ ಸಂಜೆ ಮತ್ತೆ ಇಳಿಸಿ ನೋಡಿದೆ. ನೀರು ಸ್ಟೇರಿಂಗ್‌ಗಿಂತ ಒಂದು ಮೊಳ ಮುಂದಿನಿಂದಲೇ ಹಾರುತ್ತದೆ. ಟ್ರಿಮ್ ಎಷ್ಟು ಎತ್ತಿದರೂ ಮೂತಿ ಏಳುವುದಿಲ್ಲ, ಕೊನೆಗೆ ಪ್ರೊಪೆಲ್ಲರ್ ಗಾಳಿ ಹಿಡಿದು ಸುಮ್ನೆ ಕಿರುಚುತ್ತದೆ. ಟ್ರೈಲರಿನಲ್ಲಿ ಹಿಂದಿನ ರೋಲರ್ ಟ್ರಾನ್ಸಮ್‌ಗಿಂತ ಮೂರಡಿ ಮುಂದೆ ಇದೆ. ಅದರ ಹಿಂದೆ ಏನೂ ಇಲ್ಲ. ಇದನ್ನು ಯಾಕೆ ಕೇಳಿದಿರಿ ಅಂತ ತಿಳಿಯಲಿಲ್ಲ.

ಎಚ್.ಪಿ. ಪಟ್ಟಿ ಓದಿದೆ, 90 ಅಂತಲೇ ಇದೆ.

ಫೈಬರ್ ಕೆಲಸ, ಅರಸೀಕೆರೆ

ಹಾಗಾದರೆ ನಿಮ್ಮ ತಳಕ್ಕೆ ಹುಕ್ ಬಿದ್ದಿರಬೇಕು, ಅಂದರೆ ತಳದ ಹಿಂತುದಿ ಕೊಕ್ಕೆಯ ಹಾಗೆ ಕೆಳಕ್ಕೆ ಬಾಗಿರಬೇಕು. ವಿವರವಾಗಿ ಹೇಳುತ್ತೇನೆ.

ಬೋಟ್ ನಿಧಾನವಾಗಿ ಹೋಗುವಾಗ ನೀರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಆಗ ವೇಗಕ್ಕೆ ಅದರ ಉದ್ದವೇ ಮಿತಿ. 16 ಅಡಿ ಬೋಟಿಗೆ ಆ ಮಿತಿ ಸುಮಾರು 10 ಕಿ.ಮೀ. ಅದನ್ನು ದಾಟಬೇಕಾದರೆ ತನ್ನದೇ ಮುಂದಿನ ಅಲೆಯನ್ನು ಹತ್ತಿ ಮೇಲೆ ಬರಬೇಕು. ಹತ್ತಿದ ಮೇಲೆ ತಳವು ನೀರಿನ ಮೇಲೆ ಜಾರುತ್ತದೆ. ಇದಕ್ಕೇ ಪ್ಲೇನಿಂಗ್ ಅನ್ನುವುದು. ಕೆರೆಯ ಮೇಲೆ ಚಪ್ಪಟೆ ಕಲ್ಲು ಬೀಸಿ ಎಸೆದರೆ ಕುಪ್ಪಳಿಸಿ ಹೋಗುತ್ತದಲ್ಲ, ಅದನ್ನು ಎತ್ತುವುದೂ ನೀರಿನ ಇದೇ ಒತ್ತಡ.

ಜಾರುವಾಗ ಮೂತಿ ಎಷ್ಟು ಎದ್ದಿರಬೇಕು ಅನ್ನುವುದೇ ಮುಖ್ಯ. ನಾಟಿಗೆ ಮುಂಚೆ ಗದ್ದೆಗೆ ಹಲಗೆ ಹೊಡೆಯುವುದನ್ನು ನೋಡಿದ್ದೀರಿ. ಹಲಗೆಯ ಮುಂದಿನ ಅಂಚಿನ ಮೇಲೆ ಭಾರ ಹಾಕಿ ನಿಂತರೆ ಅದು ಕೆಸರಿಗೆ ಕಚ್ಚಿಕೊಳ್ಳುತ್ತದೆ, ಎತ್ತು ಮುಂದೆ ಹೋಗಲ್ಲ. ತೀರಾ ಹಿಂದೆ ವಾಲಿದರೆ ಮುಂದಿನ ಅಂಚು ಎದ್ದು ಹಿಂದಿನ ಅಂಚು ಅಗೆಯುತ್ತದೆ. ನಡುವೆ ಒಂದು ಹದ ಇದೆ, ಅಲ್ಲಿ ಹಲಗೆ ತೇಲಿದ ಹಾಗೆ ಹೋಗುತ್ತದೆ. ಬೋಟಿಗೂ ಹಾಗೇ. ಮೂತಿ ಮೂರು ನಾಲ್ಕು ಡಿಗ್ರಿ ಎದ್ದಿದ್ದರೆ ಚೆನ್ನ. ಅದಕ್ಕಿಂತ ಮಲಗಿದರೆ ಒದ್ದೆ ಜಾಗ ಹೆಚ್ಚುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಒಂದೊಂದು ಚದರಡಿ ಒದ್ದೆ ತಳವೂ ಎಂಜಿನ್ನಿನ ಶಕ್ತಿ ತಿನ್ನುತ್ತದೆ.

ವೇಗದಲ್ಲಿ ನೀರಿಗೆ ತಾಗುವುದು ತಳದ ಕೊನೆಯ ನಾಲ್ಕೈದು ಅಡಿ ಮಾತ್ರ. ಆ ಭಾಗ ಉದ್ದಕ್ಕೆ ಒಂದೇ ನೇರ ಇರಬೇಕು. ನಿಮ್ಮ ಬೋಟಿನ ಹಿಂತುದಿ ಆಧಾರ ಇಲ್ಲದೆ ಎರಡು ವರ್ಷ ನೇತಾಡಿದೆ, ರೋಲರ್ ಇದ್ದ ಜಾಗ ಒಳಕ್ಕೆ ಒತ್ತಿಕೊಂಡಿದೆ. ತುದಿ ಕೆಳಕ್ಕೆ ಬಾಗಿದೆ. ಈಗ ಓಡುವಾಗ ನೀರು ಆ ಬಾಗಿದ ತುದಿಗೆ ಬಡಿದು ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಹಿಂದೆ ಎದ್ದರೆ ಮುಂದೆ ಇಳಿಯಲೇಬೇಕು. ಅದಕ್ಕೇ ನಿಮ್ಮ ಟ್ರಿಮ್ ಕೆಲಸ ಮಾಡ್ತಿಲ್ಲ, ಅದಕ್ಕೇ ನೀರು ಅಷ್ಟು ಮುಂದಿನಿಂದ ಹಾರುತ್ತಿರುವುದು.

ಗಾರೆ ಕೆಲಸದವರು ಪ್ಲಾಸ್ಟರ್ ಎಳೆಯುವ ಅಲ್ಯೂಮಿನಿಯಂ ಪಟ್ಟಿ ಒಂದು ತನ್ನಿ. ಟ್ರಾನ್ಸಮ್‌ನಿಂದ ಮುಂದಕ್ಕೆ, ನಡು ಏಣಿನ ಎರಡೂ ಬದಿಗೆ ಇಟ್ಟು ನೋಡಿ. ಸಂದು ಕಂಡರೆ ಅಳತೆ ಹೇಳಿ. ಜೊತೆಗೆ ಬೋಟನ್ನು ತೂಕ ಹಾಕಿಸಿ.

ಯಗಚಿ ಅಲೆ, ಬೇಲೂರು

ಫೈಬರ್ ಅಣ್ಣಾ, ಬಹಳ ಚೆನ್ನಾಗಿ ಹೇಳಿದಿರಿ. ನನಗೊಂದು ಸಂದೇಹ. ಹಲಗೆ ಹಾಗೇ ಜಾರಬೇಕು ಅಂದರೆ ತಳ ಚಪ್ಪಟೆ ಇದ್ದರೇ ಒಳ್ಳೆಯದಲ್ವಾ? ವಿ ಆಕಾರ ಯಾಕೆ?

ಕಾಫಿ ಬೆಟ್ಟ, ಮೂಡಿಗೆರೆ

ಒಳ್ಳೆಯ ಪ್ರಶ್ನೆ. ಕೆರೆಯಂಥ ನೀರಿನಲ್ಲಿ, ಅದೇ ಎಂಜಿನ್ನಿಗೆ, ಚಪ್ಪಟೆ ತಳವೇ ವೇಗ. ವಿ ತಳದಲ್ಲಿ ನೀರಿನ ಒತ್ತಡದ ಒಂದು ಪಾಲು ಪಕ್ಕಕ್ಕೆ ವ್ಯರ್ಥವಾಗುತ್ತದೆ. ಅಷ್ಟೇ ಭಾರ ಎತ್ತಲು ಜಾಸ್ತಿ ಜಾಗ ಒದ್ದೆಯಾಗಬೇಕು. ಆದರೆ ಗಾಳಿ ಎದ್ದು ಒಂದಡಿ ಅಲೆ ಬರಲಿ, ಚಪ್ಪಟೆ ತಳದಲ್ಲಿ ಕೂತವರ ಬೆನ್ನುಮೂಳೆಗೇ ಏಟು. ಆಗ ಎಷ್ಟು ಎಚ್.ಪಿ. ಇದ್ದರೂ ಥ್ರಾಟಲ್ ಇಳಿಸಲೇಬೇಕು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ರೇ ಹಂಟ್. ಟ್ರಾನ್ಸಮ್ ತನಕವೂ 24 ಡಿಗ್ರಿ ಇಳಿಜಾರು ಇಟ್ಟು ಆಳವಾದ ವಿ ತಳ ರೂಪಿಸಿದರು. ಆ ಇಳಿಜಾರಿಗೆ ಡೆಡ್‌ರೈಸ್ ಅಂತಾರೆ. 1960ರಲ್ಲಿ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವ್‌ಗೆ ನಡೆದ ರೇಸಿನಲ್ಲಿ ಸಮುದ್ರ ಕೆಟ್ಟದಾಗಿತ್ತು. ಅಲೆಗಳ ನಡುವೆ ಬೇರೆಯವರು ವೇಗ ಇಳಿಸಿದಾಗ ಹಂಟ್ ವಿನ್ಯಾಸದ ‘ಮೊಪ್ಪಿ’ ಥ್ರಾಟಲ್ ಬಿಡದೆ ಹೋಗಿ ಗೆದ್ದಿತು. ಬೋಟಿನ ಯಜಮಾನ ಡಿಕ್ ಬರ್ಟ್ರಮ್ ಆಮೇಲೆ ಅದೇ ತಳ ಇಟ್ಟುಕೊಂಡು ಬೋಟ್ ಕಂಪನಿಯನ್ನೇ ಕಟ್ಟಿದರು.

ಹಂಟ್ ತಳದ ಉದ್ದಕ್ಕೂ ಏಣಿನಂಥ ಪಟ್ಟಿಗಳನ್ನೂ ಇಟ್ಟಿದ್ದರು. ಸ್ಟ್ರೇಕ್ ಅಂತಾರೆ. ಪಕ್ಕಕ್ಕೆ ಓಡುವ ನೀರನ್ನು ಅವು ಕೆಳಕ್ಕೆ ತಿರುಗಿಸುತ್ತವೆ. ವಿ ಆಕಾರದಿಂದ ಕಳೆದುಕೊಂಡ ಎತ್ತುವ ಶಕ್ತಿ ಸ್ವಲ್ಪ ವಾಪಸ್ ಸಿಗುತ್ತದೆ. ಈಗ ಕೆಲವು ವೇಗದ ಬೋಟುಗಳಲ್ಲಿ ವಿ ತುದಿಯಲ್ಲೇ ಒಂದು ಕಿರಿದಾದ ಚಪ್ಪಟೆ ಪಟ್ಟಿ ಇರುತ್ತದೆ, ಅದು ಪ್ಯಾಡ್. ನಿಧಾನದಲ್ಲಿ ವಿ, ವೇಗದಲ್ಲಿ ಆ ಪಟ್ಟಿಯ ಮೇಲೆ ಓಟ. ಒಂದೇ ತೊಂದರೆ, ಅಷ್ಟು ಕಿರಿದಾದ ಪಟ್ಟಿಯ ಮೇಲೆ ಬೋಟ್ ಎಡಕ್ಕೂ ಬಲಕ್ಕೂ ವಾಲಾಡಲು ಶುರು ಮಾಡುತ್ತದೆ. ಕೈ ಪಳಗಿರಬೇಕು.

ಹಿನ್ನೀರಿಗೆ ನನ್ನ ಅಭಿಪ್ರಾಯ ಕೇಳಿದರೆ 14ರಿಂದ 18 ಡಿಗ್ರಿ. ಆಷಾಢದ ಗಾಳಿಗೂ ಆಯಿತು, ಮಾಗಿಯ ನೀರಿಗೂ ಆಯಿತು.

ಹೇಮಾವತಿ ತೀರ, ಹಾಸನ

ಪಟ್ಟಿ ಇಟ್ಟು ನೋಡಿದೆ. ಕೈ ನಡುಗಿತು.

ಟ್ರೈಲರಿನ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಐದಡಿ ಪಟ್ಟಿಯನ್ನು ತಳಕ್ಕೆ ಒತ್ತಿದೆ. ಟ್ರಾನ್ಸಮ್ ಹತ್ತಿರ ತಾಗಿತು, ಮುಂದಿನ ತುದಿಯಲ್ಲಿ ತಾಗಿತು. ನಡುವೆ ಬೆಳಕು ಕಂಡಿತು. ಮಗಳ ಪೆನ್ಸಿಲ್ ತೂರಿಸಿದೆ, ಸಲೀಸಾಗಿ ಒಳಗೆ ಹೋಯಿತು. ಏಳು ಮಿಲಿಮೀಟರ್. ಬಲಗಡೆಯೂ ಹಾಗೇ, ಸ್ವಲ್ಪ ಕಡಿಮೆ. ಕಣ್ಣಿಗೆ ತಳ ನೆಟ್ಟಗೇ ಕಾಣುತ್ತದೆ. ಕೈಯಾಡಿಸಿದರೂ ಗೊತ್ತಾಗಲ್ಲ.

ತೂಕಕ್ಕೆ ಹಾಸನದ ವೇ ಬ್ರಿಡ್ಜಿಗೆ ತಗೊಂಡು ಹೋದೆ. ಆಲೂಗಡ್ಡೆ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತು ತೂಗಿಸಿದೆ. ಟ್ರೈಲರಿನ ತೂಕ ಕಳೆದು, ನಮ್ಮಿಬ್ಬರನ್ನು ಸೇರಿಸಿದರೆ 1030 ಕೆ.ಜಿ. ಇರಬೇಕಾದದ್ದು 950. ನೆಲದ ಹಲಗೆ ಒಂದು ಬಿಚ್ಚಿದೆವು. ಕೆಳಗಿನ ಫೋಮ್ ಒತ್ತಿದರೆ ಅದರಿಂದ ನೀರು ಒಸರಿತು.

ಕಾಫಿ ಬೆಟ್ಟ, ಮೂಡಿಗೆರೆ

ಸಾರ್, 1030 ಇಟ್ಟು ಲೆಕ್ಕ ಹಾಕಿದರೆ 48 ಬರುತ್ತದೆ. ಅಂದರೆ ಆರರಲ್ಲಿ ಎರಡು ಕಿಲೋಮೀಟರ್ ಫೋಮಿನ ನೀರು ತಿಂದಿದೆ. ಉಳಿದ ನಾಲ್ಕು ಆ ಪೆನ್ಸಿಲ್ ತೂರಿದ ಸಂದಿನದೇ ಇರಬೇಕು.

ಫೈಬರ್ ಕೆಲಸ, ಅರಸೀಕೆರೆ

ಅಣ್ಣಾ, ಧೈರ್ಯವಾಗಿರಿ, ಇದು ಸರಿಹೋಗುವ ಕೆಲಸ.

ಒದ್ದೆ ಫೋಮ್ ಪೂರ್ತಿ ಕಿತ್ತು ಒಣಗಲು ಬಿಡಿ. ಒಳಗಿನ ಮರದ ಪಟ್ಟಿ ಕೊಳೆತಿದ್ದರೆ ಅದು ಮೊದಲು. ಆಮೇಲೆ ನೀರು ಕುಡಿಯದ ಫೋಮ್ ತುಂಬಲೇಬೇಕು. ಹಗುರ ಆಗಲಿ ಅಂತ ಖಾಲಿ ಬಿಡಬೇಡಿ. ಬೋಟಿಗೆ ನೀರು ನುಗ್ಗಿದ ದಿನ ನಿಮ್ಮನ್ನು ತೇಲಿಸುವುದು ಅದೇ.

ತಳಕ್ಕೆ, ಬೋಟನ್ನು ಮಗುಚಿ ಹಾಕಿ. ಗುಂಡಿ ಬಿದ್ದ ಜಾಗದ ಬಣ್ಣ ಕೆರೆದು, ಎಪಾಕ್ಸಿ ಫಿಲ್ಲರ್ ತೆಳು ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ. ಒಂದೇ ಸಲ ದಪ್ಪ ಬಳಿದರೆ ಕಾವು ಏರಿ ಬಿರುಕು ಬಿಡುತ್ತದೆ. ಉಜ್ಜಲು ಎರಡಡಿ ಮರದ ಪಟ್ಟಿಗೆ ಉಪ್ಪುಕಾಗದ ಅಂಟಿಸಿಕೊಳ್ಳಿ. ಕೈಯಲ್ಲಿ ಹಿಡಿದು ಉಜ್ಜಿದರೆ ಉಬ್ಬು ತಗ್ಗು ಹಾಗೇ ಉಳಿಯುತ್ತದೆ. ನೇರ ಬರಲಿ, ಆದರೆ ಹೊರಕ್ಕೆ ಉಬ್ಬದಿರಲಿ. ಉಬ್ಬಿದರೆ ಮೂತಿ ಎದ್ದೆದ್ದು ಬೀಳುವ ಕಾಯಿಲೆ ಬರುತ್ತದೆ.

ಇದಕ್ಕಿಂತ ಮುಖ್ಯ ಒಂದಿದೆ. ತಳ ಮುಗಿದು ಟ್ರಾನ್ಸಮ್ ಶುರುವಾಗುವ ಅಂಚು ಚೂಪಾಗಿರಬೇಕು. ಬೆರಳಿಗೆ ಚುಚ್ಚಬೇಕು. ಡಿಕಾಕ್ಷನ್ ಪಾತ್ರೆಯ ಬಾಯಿ ದುಂಡಗಿದ್ದರೆ ಬಗ್ಗಿಸಿದಾಗ ಡಿಕಾಕ್ಷನ್ ಲೋಟಕ್ಕೆ ಬೀಳದೆ ಪಾತ್ರೆಯ ಹೊಟ್ಟೆಗೇ ಅಂಟಿ ಇಳಿಯುತ್ತದಲ್ಲ? ಅಂಚು ಚೂಪಿದ್ದರೆ ಕತ್ತರಿಸಿದ ಹಾಗೆ ಲೋಟಕ್ಕೆ ಬೀಳುತ್ತದೆ. ಬೋಟಿನ ಅಂಚು ದುಂಡಗಾದರೆ ನೀರು ಬಿಟ್ಟು ಹೋಗುವ ಬದಲು ಟ್ರಾನ್ಸಮ್‌ಗೆ ಸುತ್ತಿಕೊಂಡು ಹಿಂದಕ್ಕೆ ಎಳೆಯುತ್ತದೆ. ಪಾಲಿಶ್ ಮಾಡುವ ಹುಡುಗರು ಚೆಂದ ಕಾಣಲಿ ಅಂತ ಅಂಚನ್ನು ದುಂಡಗೆ ಉಜ್ಜಿ ಬಿಡುತ್ತಾರೆ. ಹತ್ತಿರ ನಿಂತು ಮಾಡಿಸಿ.

ಯಗಚಿ ಅಲೆ, ಬೇಲೂರು

ಹೇಗೂ ಬೋಟ್ ಮಗುಚುತ್ತೀರಿ, ತಳಕ್ಕೆ ಒಂದು ಮೆಟ್ಟಿಲು ಕೊಟ್ಟುಬಿಡಬಹುದಾ? ವಿದೇಶದ ಬೋಟುಗಳಲ್ಲಿ ಇರುತ್ತಲ್ಲ. 2018ರ ನವೆಂಬರಿನಲ್ಲಿ ವಿಜಯವಾಡಕ್ಕೆ ಹೋಗಿ ಕೃಷ್ಣಾ ನದಿಯಲ್ಲಿ ಫಾರ್ಮುಲಾ ಒನ್ ಬೋಟ್ ರೇಸ್ ನೋಡಿದ್ದೆ. ತಿರುವಿನಲ್ಲಿ ಆ ಬೋಟುಗಳು ನೀರನ್ನು ಮುಟ್ಟುತ್ತವೋ ಇಲ್ಲವೋ ಅನ್ನಿಸುತ್ತಿತ್ತು. ಇವತ್ತಿಗೂ ಕಣ್ಣಲ್ಲೇ ಇದೆ.

ಕಾಫಿ ಬೆಟ್ಟ, ಮೂಡಿಗೆರೆ

ತಮ್ಮಾ, ನೀವು ನೋಡಿದ್ದು ಸುರಂಗ ತಳದ ಬೋಟು. ಎರಡು ಪಕ್ಕದಲ್ಲಿ ಎರಡು ಕಿರಿದಾದ ದೋಣಿ, ನಡುವೆ ಗಾಳಿಗೆ ದಾರಿ. ವೇಗ ಹೆಚ್ಚಿದ ಹಾಗೆ ನಡುವೆ ನುಗ್ಗುವ ಗಾಳಿಯೇ ಬೋಟನ್ನು ಎತ್ತುತ್ತದೆ. ಪೂರ್ತಿ ವೇಗದಲ್ಲಿ ನೀರಿಗೆ ತಾಗುವುದು ಹಿಂದಿನ ಅಂಗೈ ಅಗಲದ ಜಾಗಗಳು ಮತ್ತು ಪ್ರೊಪೆಲ್ಲರ್. ಎಂಜಿನ್ 2.5 ಲೀಟರ್ ವಿ6, ಸುಮಾರು 400 ಎಚ್.ಪಿ. ವೇಗ 200 ಕಿ.ಮೀ. ದಾಟುತ್ತದೆ.

ಆದರೆ ಎತ್ತುವ ಗಾಳಿಯೇ ಮಗುಚುವ ಗಾಳಿ. ಮೂತಿ ಒಂದು ಡಿಗ್ರಿ ಜಾಸ್ತಿ ಎದ್ದರೆ ಗಾಳಿಗೆ ಇನ್ನಷ್ಟು ಹಿಡಿತ ಸಿಗುತ್ತದೆ, ಇನ್ನಷ್ಟು ಎತ್ತುತ್ತದೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಡೊನಾಲ್ಡ್ ಕ್ಯಾಂಪ್‌ಬೆಲ್ 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಹಾಗೇ ತೀರಿಕೊಂಡರು. ಬ್ಲೂಬರ್ಡ್ ಬೋಟಿನ ಮೂತಿ ಎದ್ದು, ಬೋಟ್ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯಿತು.

ನೀರಿನ ಮೇಲಿನ ದಾಖಲೆ ಆಸ್ಟ್ರೇಲಿಯಾದ ಕೆನ್ ವಾರ್ಬಿ ಅವರದು. 1978ರ ಅಕ್ಟೋಬರ್ 8, ಗಂಟೆಗೆ 511 ಕಿ.ಮೀ. ಬೋಟನ್ನು ಸಿಡ್ನಿಯ ಮನೆಯ ಹಿತ್ತಲಲ್ಲಿ ಮರ, ಪ್ಲೈವುಡ್ಡಿನಿಂದ ತಾವೇ ಕಟ್ಟಿದ್ದರು. ಎಂಜಿನ್ ಸೇನೆ ಮಾರಿದ ಹಳೆಯ ಜೆಟ್ ಎಂಜಿನ್. ಓಡಿಸಿದ್ದು ಬ್ಲೋವೆರಿಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ. ನಮ್ಮ ಗೊರೂರಿನ ಹಾಗೆ ಬೆಟ್ಟಗಳ ನಡುವಿನ ಹಿನ್ನೀರು! ಆ ದಾಖಲೆ ಇನ್ನೂ ಮುರಿದಿಲ್ಲ. ಅದನ್ನು ಮುರಿಯಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ.

ಫೈಬರ್ ಕೆಲಸ, ಅರಸೀಕೆರೆ

ಮೆಟ್ಟಿಲಿನ ವಿಷಯ ನಾನು ಹೇಳುತ್ತೇನೆ. ತಳಕ್ಕೆ ಅಡ್ಡಲಾಗಿ ಮೆಟ್ಟಿಲು ಕೊಟ್ಟರೆ ನೀರು ಅಲ್ಲಿಂದ ಜಿಗಿಯುತ್ತದೆ, ಹಿಂದೆ ಪಕ್ಕದಿಂದ ಗಾಳಿ ಎಳೆದುಕೊಳ್ಳುತ್ತದೆ, ಒದ್ದೆ ಜಾಗ ಕಡಿಮೆಯಾಗುತ್ತದೆ. ನಿಜ. ಆದರೆ ಮೆಟ್ಟಿಲು ಎಲ್ಲಿರಬೇಕು ಅನ್ನುವುದು ಬೋಟಿನ ಭಾರದ ನಡು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಅಚ್ಚು ಮಾಡುವಾಗಲೇ ಲೆಕ್ಕ ಹಾಕಬೇಕು. ಹಳೇ ಬೋಟಿಗೆ ಕೊಯ್ದು ಹಾಕುವಂಥದ್ದಲ್ಲ. ಮೆಟ್ಟಿಲಿದ್ದ ಬೋಟು ಜೋರು ತಿರುವಿನಲ್ಲಿ ಹಿಂಭಾಗದ ಹಿಡಿತ ತಪ್ಪಿ ಗಿರ್ರನೆ ತಿರುಗಿಬಿಡುವುದೂ ಉಂಟು.

ಲಕ್ಕವಳ್ಳಿ ಹಕ್ಕಿ, ತರೀಕೆರೆ

ಎಲ್ಲಾ ಓದುತ್ತಾ ಬಂದೆ. ನನಗೆ ಬೋಟ್ ಗೊತ್ತಿಲ್ಲ, ಹಕ್ಕಿ ಗೊತ್ತು. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳು ಮೇಲೇಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಅಲೆ ಜೋರಾಗಿ ಹೊಡೆದರೆ ಅಂಚಿನ ಮೊಟ್ಟೆ ಹೋಯಿತು. ಯಾವ ತಳದ ಬೋಟಿನಿಂದ ಅಲೆ ಕಡಿಮೆ? ದಯವಿಟ್ಟು ಇದನ್ನೂ ಹೇಳಿ.

ಕಾಫಿ ಬೆಟ್ಟ, ಮೂಡಿಗೆರೆ

ಮೇಡಂ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ತುಂಬಾ ಜನ ನಡುಗಡ್ಡೆ ಹತ್ತಿರ ಬಂದಾಗ ಅರ್ಧ ವೇಗಕ್ಕೆ ಇಳಿಸಿ, ನಿಧಾನ ಹೋಗುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅದೇ ಕೆಟ್ಟದ್ದು. ಬೋಟ್ ಮೇಲೇಳುವ ಮುಂಚಿನ ಆ ನಡು ವೇಗದಲ್ಲಿ ಹಿಂಭಾಗ ಕುಸಿದಿರುತ್ತದೆ, ಮೂತಿ ಆಕಾಶ ನೋಡುತ್ತಿರುತ್ತದೆ, ಹಿಂದೆ ದೊಡ್ಡ ಅಲೆ ಏಳುತ್ತದೆ. ಹಕ್ಕಿ ಇರುವ ಕಡೆಗೆ ದೂರದಲ್ಲೇ ಪೂರ್ತಿ ಇಳಿಸಿ, ನಡೆದು ಹೋಗುವ ವೇಗಕ್ಕೆ ಬರಬೇಕು. ಭಾರ ಕಡಿಮೆ ಇದ್ದಷ್ಟೂ ಅಲೆ ಕಡಿಮೆ. ಗೂಡಿನ ಕಾಲದಲ್ಲಿ ಆ ಕಡೆ ಹೋಗದೇ ಇರುವುದು ಎಲ್ಲಕ್ಕಿಂತ ಒಳ್ಳೆಯದು.

ಹೇಮಾವತಿ ತೀರ, ಹಾಸನ

ಐದು ವಾರ ಆಯಿತು. ಫಲಿತಾಂಶ ಹೇಳಲು ಬಂದೆ.

ಫೋಮ್ ಕಿತ್ತು ಹೊಸದು ತುಂಬಿದೆವು. ಮರ ಕೊಳೆತಿರಲಿಲ್ಲ, ಪುಣ್ಯ. ತಳಕ್ಕೆ ನಾಲ್ಕು ಸಲ ಫಿಲ್ಲರ್, ಒಂಬತ್ತು ಸಂಜೆ ಉಜ್ಜಿದ್ದು. ಈಗ ಪಟ್ಟಿ ಇಟ್ಟರೆ ಕಾಗದದ ಹಾಳೆಯೂ ತೂರಲ್ಲ. ಅಂಚು ಚೂಪು ಮಾಡುವಾಗ ಗೆಳೆಯನ ಹೆಬ್ಬೆರಳು ಕೊಯ್ದಿತು. ಎಂಜಿನ್ನನ್ನು ಒಂದು ಬೋಲ್ಟ್ ತೂತಿನಷ್ಟು ಮೇಲೆ ಎತ್ತಿದೆವು. ಪ್ರೊಪೆಲ್ಲರ್ ಮೇಲ್ಗಡೆ ಇರುವ ಅದರ ಚಪ್ಪಟೆ ರೆಕ್ಕೆ ಈಗ ತಳದ ಮಟ್ಟಕ್ಕೆ ಸರಿಯಾಗಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಇಳಿಸಿದೆವು. ಅದೇ ಜಾಗ, ಅದೇ ಇಬ್ಬರು. ಹೋಗುವಾಗ 52, ಬರುವಾಗ 52. ಅದೇ 90, ಅದೇ ಪ್ರೊಪೆಲ್ಲರ್. ಆರ್‌ಪಿಎಂ 5900. ನಾನು ಪಕ್ಕಕ್ಕೆ ಬಗ್ಗಿ ನೋಡಿದೆ. ನೀರು ಈಗ ಹಿಂದಿನ ಸೀಟಿನ ಹತ್ತಿರದಿಂದ ಹಾರುತ್ತಿದೆ. ಸ್ಟೇರಿಂಗ್ ಕೆಳಗೆ ಬರೀ ಗಾಳಿ, ತಳ ಒಣಗಿದೆ. ಮಾತಿನಲ್ಲಿ ಹೇಳಲು ಬರಲ್ಲ.

ಒಂದೇ ಹೊಸ ವಿಷಯ. ಟ್ರಿಮ್ ಪೂರ್ತಿ ಎತ್ತಿದರೆ ಮೂತಿ ಮೆಲ್ಲಗೆ ಎದ್ದು ಬಿದ್ದು ಮಾಡುತ್ತದೆ.

ಫೈಬರ್ ಕೆಲಸ, ಅರಸೀಕೆರೆ

ಕಣ್ಣು ತುಂಬಿ ಬಂತು ಅಣ್ಣಾ. ಆ ಕುಪ್ಪಳಿಕೆ ಬಂದರೆ ಟ್ರಿಮ್ ಒಂದು ಚೂರು ಇಳಿಸಿ, ನಿಲ್ಲುತ್ತದೆ. ಪೆಟ್ರೋಲ್ ಕ್ಯಾನ್, ಬ್ಯಾಟರಿ ಸ್ವಲ್ಪ ಮುಂದಕ್ಕೆ ಇಟ್ಟರೂ ಆಗುತ್ತದೆ. ಮೊದಲು ಆ ಹುಕ್ ಮೂತಿಯನ್ನು ಒತ್ತಿ ಹಿಡಿದಿತ್ತು, ಅದಕ್ಕೆ ಕುಪ್ಪಳಿಸುತ್ತಿರಲಿಲ್ಲ. ಟ್ರೈಲರ್ ಸರಿ ಮಾಡಿಸಿದಿರಾ?

ಹೇಮಾವತಿ ತೀರ, ಹಾಸನ

ಮಾಡಿಸಿದೆ. ರೋಲರ್ ತೆಗೆಸಿ, ಉದ್ದಕ್ಕೆ ಎರಡು ಮರದ ತೊಲೆ ಹಾಕಿಸಿ, ಮೇಲೆ ಕಾರ್ಪೆಟ್ ಸುತ್ತಿಸಿದೆ. ತೊಲೆ ಟ್ರಾನ್ಸಮ್ ದಾಟಿ ಎರಡು ಇಂಚು ಹೊರಗೆ ಬಂದಿದೆ.

ಹಳೇ ಮೆಕ್ಯಾನಿಕ್, ಚಿಕ್ಕಮಗಳೂರು

ಸಂತೋಷ. 5900 ಅಂದರೆ ಮಿತಿಯ ಹತ್ತಿರ. ಒಬ್ಬರೇ ಹೋದ ದಿನ 6000 ದಾಟಬಹುದು. ಈಗ ಬೇಕಾದರೆ 17 ಪಿಚ್ ಹಾಕಿ ನೋಡಿ. ಐದು ವಾರದ ಹಿಂದೆ ಹಾಕಿದ್ದರೆ ದುಡ್ಡು ದಂಡ ಆಗುತ್ತಿತ್ತು. 52ರಲ್ಲಿ ಹೋಗುವಾಗ ಲೈಫ್ ಜಾಕೆಟ್ ಇರಲಿ, ನೀರಿಗೆ ಬಿದ್ದರೆ ಎಂಜಿನ್ ಆಫ್ ಮಾಡುವ ದಾರ ಕಾಲಿಗೆ ಕಟ್ಟಿರಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆ ಮೇಲಕ್ಕೆ ಬರುತ್ತವೆ, ಆಗ ಈ ವೇಗ ಬೇಡ.

ಯಗಚಿ ಅಲೆ, ಬೇಲೂರು

ಹಾಸನದ ಅಣ್ಣಾ, ನಮ್ಮ ಚಿಕ್ಕಪ್ಪನ ಬೋಟೂ ಮೂರು ವರ್ಷದಿಂದ ಟ್ರೈಲರ್ ಮೇಲಿದೆ. ಇವತ್ತು ಬಗ್ಗಿ ನೋಡಿದೆ, ಹಿಂದಿನ ರೋಲರ್ ಎರಡೂವರೆ ಅಡಿ ಒಳಗಿದೆ. ಮುಂದಿನ ಭಾನುವಾರ ಬೇಲೂರಿಗೆ ಬರುವಾಗ ಆ ಪಟ್ಟಿ ತಗೊಂಡು ಬರ್ತೀರಾ? ಪೆನ್ಸಿಲ್ ನಮ್ಮ ಮನೇಲಿದೆ.